ಎರಡು ಕನ್ನಡಿ, ಒಂದು ಬಿಸಿಲುಕೋಲು!

ಖಾಲಿ ಸ್ಟುಡಿಯೋ. ಸುತ್ತ ಕತ್ತಲು. ಮೇಲಿಂದ ಇಳಿದ ಒಂದೇ ಒಂದು ಬೆಳಕಿನ ಕಂಬ. ಅಲ್ಲಿ ಗುರುದತ್, ವಹೀದಾ ರೆಹಮಾನ್. ಹಿನ್ನೆಲೆಯಲ್ಲಿ ಗೀತಾ ದತ್ ಕಂಠ. 1959ರ 'ಕಾಗಜ್ ಕೆ ಫೂಲ್' ಚಿತ್ರದ ಈ ದೃಶ್ಯ ನೋಡಿದವರು ಮರೆಯೋದುಂಟೆ? ಆ ಬೆಳಕನ್ನು ಹಿಡಿದು ತಂದವರು ಬೇರಾರೂ ಅಲ್ಲ, ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ!

ಅದು ದೀಪದ ಬೆಳಕಲ್ಲ ಮಿತ್ರರೇ, ಅಪ್ಪಟ ಬಿಸಿಲು! ದೀಪದ ಬೆಳಕು ದೂರ ಹೋದಂತೆಲ್ಲ ಹರಡಿಬಿಡುತ್ತೆ. ಸೂರ್ಯ ಇರೋದು 15 ಕೋಟಿ ಕಿ.ಮೀ. ಆಚೆ, ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗೇ ಬರುತ್ತವೆ. ಆದರೆ ಬಿಸಿಲು ಸ್ಟುಡಿಯೋ ಒಳಗೆ ಬರೋದು ಹೇಗೆ? ಮೂರ್ತಿಯವರು ಒಂದು ದೊಡ್ಡ ಕನ್ನಡಿಯನ್ನು ಹೊರಗೆ ಬಿಸಿಲಲ್ಲಿಟ್ಟರು, ಇನ್ನೊಂದನ್ನು ಒಳಗೆ ಎತ್ತರದಲ್ಲಿ ನಿಲ್ಲಿಸಿದರು. ಮೊದಲನೆಯದು ಎಸೆದ ಬಿಸಿಲನ್ನು ಎರಡನೆಯದು ಹಿಡಿದು ಕೆಳಕ್ಕೆ ತಿರುಗಿಸಿತು!

ಎರಡೂ ಚಪ್ಪಟೆ ಕನ್ನಡಿಗಳೇ ಆಗಬೇಕು. ಬೆಳಕು ಯಾವ ಕೋನದಲ್ಲಿ ಬಡಿಯುತ್ತೋ ಅದೇ ಕೋನದಲ್ಲಿ ಚಿಮ್ಮುತ್ತೆ. ಮೈ ಚಪ್ಪಟೆಯಾಗಿದ್ದರೆ ಸಾಲಾಗಿ ಬಂದ ಕಿರಣಗಳು ಸಾಲಾಗೇ ಹೋಗುತ್ತವೆ. ಒಳಬಾಗಿದ ಕನ್ನಡಿಯಾದರೆ ಎಲ್ಲ ಕಿರಣ ಒಂದು ಬಿಂದುವಿಗೆ ನುಗ್ಗಿ, ಆಮೇಲೆ ಚದುರುತ್ತವೆ. ಅದರ ಜಾಗವೇ ಬೇರೆ: ಹಳೇ ಟೆಂಟ್ ಟಾಕೀಸಿನ ಪ್ರೊಜೆಕ್ಟರ್‌ನಲ್ಲಿ ಉರಿಯೋ ಕಾರ್ಬನ್ ಕಡ್ಡಿಯ ಬೆಳಕನ್ನೆಲ್ಲ ಬಾಚಿ ರೀಲಿನ ಮೇಲೆ ಹಾಯಿಸುತ್ತಿದ್ದದ್ದು ಅದೇ. ಹೊರಬಾಗಿದ್ದು ಬೇಕಾ? ಬಸ್ ಡ್ರೈವರ್ ಪಕ್ಕದ ಕನ್ನಡಿ ನೋಡಿ! ಕಿರಣ ಹರಡುತ್ತೆ, ಹಿಂದಿನ ಇಡೀ ರಸ್ತೆ ಪುಟ್ಟದಾಗಿ ಕಾಣುತ್ತೆ. ಅದಕ್ಕೇ ಹಿಂದಿನ ಲಾರಿ ಇರೋದಕ್ಕಿಂತ ದೂರ ಇದ್ದಂತೆ ಅನ್ನಿಸೋದು. ಹುಷಾರು!

ಕನ್ನಡಿ ಸಿಕ್ಕರೆ ಸಾಕೆ? ಸೂರ್ಯ ಡೈರೆಕ್ಟರ್ ಮಾತು ಕೇಳ್ತಾನೆಯೇ? ನಾಲ್ಕೇ ನಿಮಿಷದಲ್ಲಿ ಒಂದು ಡಿಗ್ರಿ ಸರೀತಾನೆ. ಕನ್ನಡಿ ಅಲ್ಲೇ ಇದ್ದರೆ 50 ಅಡಿ ದೂರದಲ್ಲಿ ಬೆಳಕು ಸುಮಾರು ಹತ್ತು ಅಂಗುಲ ಜಾರುತ್ತೆ! ಸರಿಪಡಿಸಲು ಹೋದರೆ ಇನ್ನೊಂದು ಪೇಚು: ಕನ್ನಡಿ ಒಂದು ಡಿಗ್ರಿ ತಿರುಗಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತೆ. ಕೈ ಸ್ವಲ್ಪ ನಡುಗಿದರೂ ನಾಯಕಿ ಕತ್ತಲಿಗೆ!

ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ನೆಲ ಕಚ್ಚಿತು. ಗುರುದತ್ ಮತ್ತೆಂದೂ ನಿರ್ದೇಶಕ ಅಂತ ತಮ್ಮ ಹೆಸರು ಹಾಕಲಿಲ್ಲ, 1964ರಲ್ಲಿ ತೀರಿಕೊಂಡರು. ಮೂರ್ತಿಯವರಿಗೆ ಮಾತ್ರ ಆ ಚಿತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರದ್ದೇ. ಅದನ್ನು ಪಡೆದ ಮೊಟ್ಟಮೊದಲ ಛಾಯಾಗ್ರಾಹಕ! 2014ರಲ್ಲಿ ಬೆಂಗಳೂರಿನಲ್ಲಿ ಅವರು ಕಣ್ಮುಚ್ಚಿದರು.

ಆ ಹಾಡು ಮತ್ತೆ ಸಿಕ್ಕರೆ ಒಂದು ಸಲ ಹೀರೋ-ಹೀರೋಯಿನ್ ಬಿಟ್ಟು ಬರೀ ಬೆಳಕು ನೋಡಿ ಗುರುಗಳೇ. ಅದು ನಮ್ಮೂರಿನವರ ಕೈಚಳಕ!