ದಿಲ್ಲಿಯ ಕಾಯ್ದೆ, ಕಬ್ಬಿನ ಸೀಮೆಯ ಶಾಲೆ

ಗೋಕಾಕ, ಮೂಡಲಗಿ, ಹುಕ್ಕೇರಿ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳು. ಶಾಲೆಗಳ ಲೆಕ್ಕದಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಸ್ಥಳೀಯ ಸಂಸ್ಥೆಗಳ ಹೆಗಲಿಗೆ ದೊಡ್ಡ ಹೊಣೆ ಏರಿಸಿತು. ತಮ್ಮ ವ್ಯಾಪ್ತಿಯ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡಬೇಕು, ವಲಸೆ ಬಂದವರ ಮಕ್ಕಳನ್ನೂ ಶಾಲೆಗೆ ಸೇರಿಸಬೇಕು. ಘಟಪ್ರಭೆಯ ನೀರುಂಡ ಈ ಕಬ್ಬಿನ ಸೀಮೆಯಲ್ಲಿ ಎರಡನೆಯ ಮಾತಿಗೇ ತೂಕ ಹೆಚ್ಚು: ಕಟಾವಿನ ಗ್ಯಾಂಗುಗಳು ಬರುವುದೇ ಶಾಲಾ ವರ್ಷದ ನಡುವೆ.

ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕೆಂದೂ ಕಾಯ್ದೆ ಹೇಳಿತು. ಕರ್ನಾಟಕದಲ್ಲಿ ಇಂಥ ಸಮಿತಿಗಳು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ), 2001ರಿಂದಲೇ ಇದ್ದವು.

ಆದರೆ ಶಿಕ್ಷಕರ ನೇಮಕ ಪಂಚಾಯ್ತಿಯ ಕೈಯಲ್ಲಿಲ್ಲ. ಇದು ನ್ಯಾಯವಲ್ಲ. ಮಾಸ್ತರರಿಲ್ಲದ ತರಗತಿಯ ದೂರು ಹೊತ್ತ ಪಾಲಕರು ಮೊದಲು ಹತ್ತುವುದು ಪಂಚಾಯ್ತಿಯ ಮೆಟ್ಟಿಲನ್ನೇ.