ಗರ್ಭಿಣಿಯರ ನಂಜು: ಒಂದು ಅಣುವಿನ ಪತ್ತೆ

ಗರ್ಭ ನಿಂತು ಸುಮಾರು 20 ವಾರ ಕಳೆದ ಮೇಲೆ ಕೆಲವು ಗರ್ಭಿಣಿಯರಲ್ಲಿ ರಕ್ತದೊತ್ತಡ ಏರುತ್ತದೆ, ಮೂತ್ರದಲ್ಲಿ ಪ್ರೋಟೀನು ಸೋರತೊಡಗುತ್ತದೆ. ವಿಪರೀತ ತಲೆನೋವು ಬರಬಹುದು, ಕಣ್ಣು ಮಂಜಾಗಬಹುದು. ರೋಗ ಉಲ್ಬಣಿಸಿದರೆ ಫಿಟ್ಸ್ ಬಂದು ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ನೂರು ಗರ್ಭಿಣಿಯರಲ್ಲಿ 2ರಿಂದ 8 ಮಂದಿಗೆ ಬರುವ ಈ ಕಾಯಿಲೆಯೇ ಪ್ರಿ-ಎಕ್ಲಾಂಪ್ಸಿಯಾ. ನಮ್ಮಲ್ಲಿ ಇದನ್ನು ಗರ್ಭಿಣಿಯರ ನಂಜು ಎನ್ನುವುದುಂಟು. ಹಳೆಯ ವೈದ್ಯಗ್ರಂಥಗಳೂ ಇದನ್ನು 'ಟಾಕ್ಸೀಮಿಯಾ', ಅಂದರೆ ರಕ್ತದಲ್ಲಿ ವಿಷ, ಎಂದೇ ಕರೆದವು. ಆದರೆ ಆ ವಿಷ ಯಾವುದು?

ಒಂದು ಸುಳಿವು ಬಹುಕಾಲದಿಂದ ಕಣ್ಣೆದುರಿಗೇ ಇತ್ತು. ಹೆರಿಗೆಯಾಗಿ ಮಾಸು ಹೊರಬಿದ್ದರೆ ರೋಗವು ಸಾಮಾನ್ಯವಾಗಿ ಇಳಿಯುತ್ತದೆ. ಭ್ರೂಣವೇ ಇಲ್ಲದೆ ಮಾಸು ಮಾತ್ರ ಅಡ್ಡಾದಿಡ್ಡಿ ಬೆಳೆಯುವ ಗರ್ಭದಲ್ಲಿಯೂ ಇದು ಕಾಣಿಸಿಕೊಳ್ಳಬಲ್ಲದು. ಎಂದರೆ ರೋಗದ ಮೂಲ ಮಾಸಿನಲ್ಲಿದೆ.

ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಅಮೆರಿಕದ ಬಾಸ್ಟನ್‌ಗೆ ತೆರಳಿದ ಡಾ. ಎಸ್. ಅನಂತ ಕರುಮಂಚಿ ಮೂತ್ರಪಿಂಡ ತಜ್ಞರು. ಅವರೂ ಸಂಗಡಿಗರೂ ರೋಗವಿದ್ದ ಮತ್ತು ಇಲ್ಲದ ತಾಯಂದಿರ ಮಾಸುಗಳನ್ನು ಪಡೆದು, ಯಾವ ಜೀನ್‌ಗಳು ಹೆಚ್ಚು ಚುರುಕಾಗಿವೆ ಎಂದು ಹೋಲಿಸಿದರು. 'ಎಸ್-ಎಫ್‌ಎಲ್‌ಟಿ-1' ಎಂಬ ಪ್ರೋಟೀನಿನ ಜೀನ್ ರೋಗಿಗಳ ಮಾಸಿನಲ್ಲಿ ಅತಿಯಾಗಿ ಕೆಲಸಮಾಡುತ್ತಿತ್ತು.

ಇದರಿಂದ ಹಾನಿ ಹೇಗೆ? ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡಲು 'ವಿಇಜಿಎಫ್' ಎಂಬ ಪ್ರೋಟೀನು ಬೇಕು. ಅದು ಕೀಲಿಕೈ, ನಾಳದ ಜೀವಕೋಶಗಳ ಮೇಲೆ ಅದಕ್ಕೆ ತಕ್ಕ ಬೀಗಗಳಿವೆ. ಎಸ್-ಎಫ್‌ಎಲ್‌ಟಿ-1 ಎಂದರೆ ಬಾಗಿಲಿಲ್ಲದ ಬೀಗ. ರಕ್ತದಲ್ಲಿ ತೇಲುತ್ತ ಕೀಲಿಕೈಗಳನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ನಾಳಗಳು ಸೊರಗುತ್ತವೆ, ಒತ್ತಡ ಏರುತ್ತದೆ, ಮೂತ್ರಪಿಂಡದ ಸೋಸುಪದರ ಸೋರುತ್ತದೆ.

ಊಹೆಯನ್ನು ಪರೀಕ್ಷಿಸಬೇಕಲ್ಲವೇ? ಇಲಿಗಳ ದೇಹದಲ್ಲಿ ಈ ಪ್ರೋಟೀನು ಹೆಚ್ಚುವಂತೆ ಮಾಡಿದಾಗ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನು ಕಂಡಿತು. ಗರ್ಭ ಧರಿಸದ ಇಲಿಗಳಲ್ಲಿಯೂ ಹೀಗೆಯೇ ಆಯಿತು! 2003ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ರೋಗಲಕ್ಷಣ ತೋರುವುದಕ್ಕೆ ಸುಮಾರು 5 ವಾರ ಮೊದಲೇ ತಾಯಿಯ ರಕ್ತದಲ್ಲಿ ಈ ಪ್ರೋಟೀನು ಏರತೊಡಗುತ್ತದೆ ಎಂಬುದು 2004ರಲ್ಲಿ ತಿಳಿಯಿತು. ನಂಜು ಹೊರಗಿನಿಂದ ಬಂದದ್ದಲ್ಲ. ಎಲ್ಲ ಗರ್ಭಿಣಿಯರಲ್ಲೂ ಇರುವ ವಸ್ತುವೇ ಮಿತಿಮೀರಿದ್ದು.

ಈ ತಿಳಿವಳಿಕೆಯಿಂದ ಪ್ರಯೋಜನವೇನು? ದಿನ ತುಂಬುವ ಮುಂಚೆ ರೋಗ ಬಂದಾಗ ವೈದ್ಯರಿಗೆ ಇಕ್ಕಟ್ಟು. ಬೇಗ ಹೆರಿಗೆ ಮಾಡಿಸಿದರೆ ಮಗುವಿಗೆ ಕಷ್ಟ, ಕಾದರೆ ತಾಯಿಗೆ ಅಪಾಯ. ಮುಂದಿನ ಎರಡು ವಾರಗಳಲ್ಲಿ ರೋಗ ತೀವ್ರವಾದೀತೇ ಎಂದು ಅಂದಾಜು ಮಾಡಲು ನೆರವಾಗುವ, ಈ ಪ್ರೋಟೀನನ್ನೂ ಅಳೆಯುವ ರಕ್ತಪರೀಕ್ಷೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಅಪಾಯ ಹೆಚ್ಚಿರುವ ತಾಯಂದಿರಿಗೆ ಮೊದಲ ತಿಂಗಳುಗಳಲ್ಲೇ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುವುದೂ ಉಂಟು. ಆದರೂ ಬಂದ ರೋಗವನ್ನು ನಿಲ್ಲಿಸುವ ದಾರಿ ಇಂದಿಗೂ ಹೆರಿಗೆಯೊಂದೇ.

ಆದ್ದರಿಂದ ನಿಮ್ಮ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಗರ್ಭಿಣಿಯಾಗಿದ್ದರೆ ಒಂದು ಮಾತು ಕೇಳಿ: "ಈ ಸಲ ಬಿ.ಪಿ. ನೋಡಿಸಿದಿರಾ? ಮೂತ್ರಪರೀಕ್ಷೆ ಆಯಿತೇ?" ಪ್ರಯೋಗಾಲಯ ಎಷ್ಟೇ ಮುಂದುವರಿದರೂ ಈ ಎರಡು ಸರಳ ಪರೀಕ್ಷೆಗಳೇ ಮೊದಲ ಕಾವಲು.