ಬೆಳ್ಳಿ ರೂಪಾಯಿಯ ಟಂಕಸಾಲೆ ಗುರುತುಗಳು

ಬ್ರಿಟಿಷ್ ಆಡಳಿತಕಾಲದ ಬೆಳ್ಳಿ ರೂಪಾಯಿ ಇಂದಿಗೂ ಕರ್ನಾಟಕದ ಅನೇಕ ಮನೆಗಳ ಪೂಜಾಪೆಟ್ಟಿಗೆಯಲ್ಲಿ ಉಳಿದಿದೆ. ರಾಣಿಯ ತಲೆಯದು, ರಾಜನ ತಲೆಯದು ಎಂಬಷ್ಟು ಭೇದವನ್ನು ಮನೆಯವರು ಬಲ್ಲರು. ಆದರೆ ಒಂದೇ ಮುಖ, ಒಂದೇ ವರ್ಷವುಳ್ಳ ಎರಡು ನಾಣ್ಯಗಳು ಬೇರೆ ಬೇರೆ ಟಂಕಸಾಲೆಗಳಿಂದ ಬಂದಿರಬಹುದು. ಅದನ್ನು ತಿಳಿಸುವುದು ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಒಂದು ಗುರುತು.

1835ರ ಕಾಯಿದೆಯಿಂದ ಕಂಪನಿಯ ಪ್ರಾಂತಗಳಿಗೆಲ್ಲ 180 ಗ್ರೇನ್ ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯುಳ್ಳ ಏಕರೂಪದ ರೂಪಾಯಿ ಬಂದಿತು. ವಿನ್ಯಾಸ ಒಂದೇ ಆದುದರಿಂದ ಯಾವ ನಾಣ್ಯ ಯಾವ ಟಂಕಸಾಲೆಯದೆಂದು ಹೇಳಲು ಬೇರೊಂದು ಸಾಧನ ಬೇಕಾಯಿತು. ಕಲ್ಕತ್ತೆಯವರು ಬಹುಮಟ್ಟಿಗೆ ಗುರುತನ್ನೇ ಹಾಕಲಿಲ್ಲ; ಹಾಕಿದವರು ಮುಂಬಯಿಯವರು. ವಿಕ್ಟೋರಿಯಾ ಚಕ್ರವರ್ತಿನಿಯ ಕಾಲದಲ್ಲಿ ಹಿಮ್ಮುಖದ ಕೆಳಹೂವಿನಲ್ಲಿ ಇಂಗ್ಲಿಷಿನ ‘ಬಿ’ ಅಕ್ಷರ ಕೆಲವೊಮ್ಮೆ ಉಬ್ಬಾಗಿ, ಕೆಲವೊಮ್ಮೆ ತಗ್ಗಾಗಿ ಕಾಣುತ್ತದೆ. 1901ರ ಕಲ್ಕತ್ತೆಯ ಕೆಲವು ನಾಣ್ಯಗಳಲ್ಲಿ ತಗ್ಗು ‘ಸಿ’ ಉಂಟು. ಎಡ್ವರ್ಡನ ರೂಪಾಯಿಯಲ್ಲಿ ‘ಬಿ’ ಕಿರೀಟದ ಶಿಲುಬೆಯ ಕೆಳಗೆ ಸೇರಿತು. ಐದನೆಯ ಜಾರ್ಜನ ಕಾಲಕ್ಕೆ ಅಕ್ಷರ ಹೋಗಿ, ಕೆಳಗಿನ ಕಮಲದ ಬಳಿ ಒಂದು ಉಬ್ಬು ಚುಕ್ಕೆ ಮಾತ್ರ ಉಳಿಯಿತು. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ತೆರೆದ ಲಾಹೋರ್ ಟಂಕಸಾಲೆಯ 1944 ಮತ್ತು 1945ರ ರೂಪಾಯಿಗಳಲ್ಲಿ ‘ಎಲ್’ ಇದೆ.

ಎಲ್ಲಕ್ಕಿಂತ ಜಟಿಲವಾದುದು 1862ರ ರೂಪಾಯಿ. ಆ ಇಸವಿಯನ್ನೇ ಅಚ್ಚಿನಲ್ಲಿ ಉಳಿಸಿಕೊಂಡು 1874ರವರೆಗೆ ನಾಣ್ಯಗಳನ್ನು ಹೊರಡಿಸಲಾಯಿತು. ಇವುಗಳಲ್ಲಿ ಹಿಮ್ಮುಖದ ಚುಕ್ಕೆಗಳ ಸಂಖ್ಯೆ ಬದಲಾಗುತ್ತದೆ. ಅವು ನಿಜವಾಗಿ ಟಂಕಿಸಿದ ವರ್ಷದ ಸೂಚಕಗಳೆಂದು ವಿದ್ವಾಂಸರು ಅರ್ಥೈಸಿದ್ದಾರೆ. ಹೀಗಾಗಿ ‘1862’ ಎಂಬುದನ್ನು ಓದಿದ ಮಾತ್ರಕ್ಕೆ ನಾಣ್ಯದ ಕಾಲ ನಿರ್ಣಯವಾಗದು.

ಗುರುತಿಲ್ಲದುದೆಲ್ಲ ಕಲ್ಕತ್ತೆಯದೆಂಬ ಸೂತ್ರವೂ ಪೂರ್ಣವಾಗಿ ನಂಬತಕ್ಕುದಲ್ಲ. 1938ರ ಮುಂಬಯಿ ರೂಪಾಯಿಯಲ್ಲಿ ಚುಕ್ಕೆಯಿರುವುದೂ ಉಂಟು, ಇಲ್ಲದಿರುವುದೂ ಉಂಟು.

ಟಂಕಿಸಿದ ಸಂಖ್ಯೆಯನ್ನು ನೋಡಿ ಉಳಿದ ಸಂಖ್ಯೆಯನ್ನು ಊಹಿಸುವಂತಿಲ್ಲ. 1940ರಲ್ಲಿ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ ಬಳಿಕ ಹಿಂದಿನ ಉತ್ತಮ ಬೆಳ್ಳಿಯ ರೂಪಾಯಿಗಳನ್ನು ಹಂತಹಂತವಾಗಿ ಹಿಂತೆಗೆಯಲಾಯಿತು. ಮುಂಬಯಿಯಲ್ಲಿ ಲಕ್ಷಗಟ್ಟಲೆ ಟಂಕಿಸಿದ 1939ರ ರೂಪಾಯಿ ಇಂದು ಅತಿ ವಿರಳವಾಗಿದೆ. ಅರ್ಧ ಬೆಳ್ಳಿಯ ನಾಣ್ಯಗಳಿಗೂ ಅದೇ ಗತಿ: ಯುದ್ಧಕಾಲದಲ್ಲಿ ಅಮೆರಿಕದಿಂದ ಎರವಲು ತಂದ ಬೆಳ್ಳಿಯನ್ನು ತೀರಿಸಲು ಅವನ್ನು ಕರಗಿಸಿ ಬೆಳ್ಳಿಯನ್ನು ಬೇರ್ಪಡಿಸಲಾಯಿತು. ಅಕ್ಕಸಾಲಿಗರ ಮೂಸೆಗೆ ಹೋದವುಗಳ ಲೆಕ್ಕ ಯಾವ ದಫ್ತರದಲ್ಲಿಯೂ ಇಲ್ಲ.

ಕರಗದೆ ಉಳಿದವಕ್ಕೆ ಹಬ್ಬದ ಹುಣಸೆಹಣ್ಣು, ವಿಭೂತಿಗಳ ಕಾಟ. ವರ್ಷವರ್ಷವೂ ಉಜ್ಜಿದಂತೆ ಉಬ್ಬು ಚುಕ್ಕೆ ಸವೆಯುತ್ತದೆ, ತಗ್ಗು ಅಕ್ಷರದ ಅಂಚು ಮಸುಕಾಗುತ್ತದೆ. ಮುಂಬಯಿಯ ನಾಣ್ಯ ಕಲ್ಕತ್ತೆಯದರಂತೆ ತೋರತೊಡಗುತ್ತದೆ. ಆದುದರಿಂದ ಅನುಭವಿ ಸಂಗ್ರಾಹಕನು ಕಪ್ಪಾದ ನಾಣ್ಯವನ್ನು ಕಪ್ಪಾಗಿಯೇ ಬಿಟ್ಟು, ಅಂಚಿನಲ್ಲಿ ಹಿಡಿದು, ಓರೆಬೆಳಕಿನಲ್ಲಿ ಮಸೂರದಿಂದ ಮೊದಲು ಹಿಮ್ಮುಖವನ್ನು ನೋಡುತ್ತಾನೆ.